ಇಪ್ಪತ್ತೈದು ಡಿಗ್ರಿಯ ಗೆರೆ

ನನ್ನ ಹೆಸರಿನಲ್ಲಿ ಒಟ್ಟು ಹನ್ನೊಂದು ಸಂಶೋಧನಾ ಪ್ರಬಂಧಗಳು ಅಚ್ಚಾಗಿವೆ. ಇದನ್ನು ಸಣ್ಣ ದನಿಯಲ್ಲಿ ಹೇಳುವ ರೂಢಿ ನನಗಿಲ್ಲ. ಇಳಕಲ್ಲಿನ ಕುಣಿಮಗ್ಗದ ಮನೆಯಿಂದ ಬಂದವಳು ನಾನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ, ಗಂಡಸರೂ ಇಲ್ಲ. ಹನ್ನೊಂದರಲ್ಲಿ ಹತ್ತನ್ನು ಜಗತ್ತು ಅಷ್ಟಾಗಿ ಕೇಳಲಿಲ್ಲ. ಒಂದನ್ನು ಮಾತ್ರ ಬೇರೆ ಬೇರೆ ದೇಶದವರು ತಮ್ಮ ಪ್ರಬಂಧಗಳ ಕೊನೆಯ ಪಟ್ಟಿಯಲ್ಲಿ ಹೆಸರಿಸಿದರು, ಈಗಲೂ ಹೆಸರಿಸುತ್ತಾರೆ. ಆ ಪ್ರಬಂಧದೊಳಗೆ ಒಂದು ಕೋಷ್ಟಕ, ಕೋಷ್ಟಕದೊಳಗೆ ಐದು ಅಂಕಿ. ಕೆಳಗಿನ ನಾಲ್ಕು ನಾನು ಅಳೆದದ್ದು. ಎಲ್ಲರೂ ಎತ್ತಿಕೊಂಡದ್ದು ಮೇಲಿನದನ್ನು.

ಎಪ್ಪತ್ತರ ದಶಕದ ನಡುವೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಅದೇ ಲ್ಯಾಬಿನ ಮೂಲೆಯಲ್ಲಿ ಪಿಎಚ್.ಡಿ. ಕೆಲಸ. ನನ್ನ ಗೈಡ್ ಇದ್ದದ್ದು ಯುನಿವರ್ಸಿಟಿಯಲ್ಲಿ, ರೈಲಿನಲ್ಲಿ ಹೆಚ್ಚುಕಡಿಮೆ ಒಂದು ದಿನದ ದಾರಿ. ನಾನು ಹಿಡಿದ ವಿಷಯ ಹೇಳಲು ಸರಳ. ನೇರಳೆ ಬಣ್ಣದ ನೀರಿಗೆ ಕಾಸ್ಟಿಕ್ ಸೋಡಾ ಹಾಕಿದರೆ ಬಣ್ಣ ನಿಧಾನಕ್ಕೆ ಬಿಳಿಚುತ್ತದೆ. ಅದರೊಳಗೆ ಸಾಬೂನಿನ ಜಾತಿಯ ಒಂದು ಬಿಳಿ ಪುಡಿ ಕರಗಿಸಿದರೆ ಬೇಗ ಬಿಳಿಚುತ್ತದೆ. ಎಷ್ಟು ಬಿಸಿಯಲ್ಲಿ ಎಷ್ಟು ಬೇಗ ಎಂಬುದೇ ನನ್ನ ಪ್ರಶ್ನೆ.

ಸೀರೆಯ ಬಣ್ಣ ಬಿಟ್ಟರೆ ನೇಕಾರನ ಮಾನ ಹೋಗುವ ಊರಿನಿಂದ ಬಂದವಳು ಬಣ್ಣ ಹೋಗುವುದನ್ನು ಸ್ಟಾಪ್‌ವಾಚ್ ಹಿಡಿದು ಎಣಿಸುತ್ತ ಕೂತಿದ್ದೆ. ಅಪ್ಪನಿಗೆ ಇದು ಭಾಳ ನಗೆಯ ಸಂಗತಿ.

“ನಾವು ಬಣ್ಣ ನಿಲ್ಲಸಾಕ ಸಾಯ್ತೇವಿ. ನಮ್ಮಾಕಿ ಬಣ್ಣ ಕಳಿಯಾಕ ಪಗಾರ ತಗೊಂತಾಳ,” ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಮೀಸೆಯೊಳಗೇ ನಗುತ್ತಿದ್ದ.

ಲ್ಯಾಬಿನ ಅಟೆಂಡರ್ ಅಪ್ಪನ ವಯಸ್ಸಿನವರು. ಕಾಲೇಜಿಗೆಲ್ಲ ಅವರು ಚಾಚಾ, ಅವರಿಗೆ ಕಲಿಸುವ ಹೆಂಗಸರೆಲ್ಲ ಬಾಯಾರು. ಗಾಜಿನ ನಳಿಗೆ ತೊಳೆಯುವುದರಲ್ಲಿ ಅವರಷ್ಟು ಚೊಕ್ಕ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ನಮ್ಮ ಥರ್ಮೋಸ್ಟಾಟ್ ಎಂದರೆ ಹೀಟರ್ ಕೂಡಿಸಿದ ಒಂದು ನೀರಿನ ತೊಟ್ಟಿ. ನೀರನ್ನು ಬೇಕಾದಷ್ಟು ಬಿಸಿ ಮಾಡುತ್ತಿತ್ತು, ತಂಪು ಮಾಡುವುದು ಅದಕ್ಕೆ ಬರುತ್ತಿರಲಿಲ್ಲ. ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತು ಡಿಗ್ರಿ: ಈ ನಾಲ್ಕು ಅಳತೆಗಳನ್ನು ಮಳೆಗಾಲದಲ್ಲಿ ಶುರುಮಾಡಿ ಶಿವರಾತ್ರಿಯೊಳಗೆ ಮುಗಿಸಿದೆ. ಒಂದೊಂದನ್ನೂ ಹತ್ತು ಹತ್ತು ಸಲ ಮಾಡಿದ್ದೆ. ಯಾರು ಬಂದು ಕೇಳಿದರೂ ಎದೆ ಮುಟ್ಟಿ ಹೇಳುವಂಥ ಕೆಲಸ ಅದು. ಪ್ರಬಂಧ ಬರೆದೆವು. ಗೈಡ್ ನನ್ನ ಹೆಸರನ್ನು ಮೊದಲು ಹಾಕಿದರು. ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಏಪ್ರಿಲ್‌ನಲ್ಲಿ ಅವರಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಸಂಶೋಧನಾ ಪತ್ರಿಕೆಯವರು ಪ್ರಬಂಧವನ್ನು ಒಪ್ಪಿದ್ದಾರೆ, ಆದರೆ ಇಪ್ಪತ್ತೈದು ಡಿಗ್ರಿಯ ಅಳತೆ ಬೇಕಂತೆ. ಜಗತ್ತಿನ ಲ್ಯಾಬುಗಳೆಲ್ಲ ಇಪ್ಪತ್ತೈದರಲ್ಲಿ ಹೋಲಿಸಿ ನೋಡುತ್ತವೆ. ಆರು ವಾರದೊಳಗೆ ಕಳಿಸಬೇಕು.

ಏಪ್ರಿಲ್‌ನ ಬಾಗಲಕೋಟೆಯಲ್ಲಿ ಇಪ್ಪತ್ತೈದು ಡಿಗ್ರಿ.

ಮಣ್ಣಿನ ಹರವಿಗೆ ಹಸಿ ಧೋತರ ಸುತ್ತಿ, ಅದರೊಳಗೆ ನಳಿಗೆ ಇಳಿಬಿಟ್ಟು ನೋಡಿದೆವು. ಇಪ್ಪತ್ತೊಂಬತ್ತರ ಕೆಳಗೆ ಇಳಿಯಲಿಲ್ಲ. ಆಮೇಲೆ ಚಾಚಾ ಸೈಕಲ್ಲಿನ ಹಿಂದೆ ಬರ್ಫದ ಗಡ್ಡೆಯನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಮುಚ್ಚಿ ತರಲು ಶುರುಮಾಡಿದರು. ತೊಟ್ಟಿಗೆ ಬರ್ಫ ಹಾಕಿದರೆ ನೀರು ಇಪ್ಪತ್ತಮೂರಕ್ಕೆ ಇಳಿಯುತ್ತಿತ್ತು. ನಾನು ಎರಡು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಇಪ್ಪತ್ತೆಂಟಕ್ಕೆ ಏರುತ್ತಿತ್ತು. ಒಂದು ತಾಸು ಒಂದೇ ಕಡೆ ನಿಲ್ಲಬೇಕಾದ ಪಾದರಸ ನಿಮಿಷ ನಿಮಿಷಕ್ಕೂ ಜಿಗಿಯುತ್ತಿತ್ತು.

“ಇದ್ಯಾಕೋ ನಿಂದ್ರಾಕ ಒಲ್ಲೆ ಅಂತೈತ್ರಿ ಬಾಯಾರ,” ಎಂದರು ಚಾಚಾ. “ನಿಮ್ಮಂಗ ಐತಿ. ನೀವೂ ಒಂದ ಕಡೆ ಕುಂದ್ರೂದಿಲ್ಲ.”

ಒಂದು ಸಲ, ಬರ್ಫ ಹಾಕಿದ ಹೊಸದರಲ್ಲಿ, ನಳಿಗೆ ಮಂಜಾಗಿ ಕಂಡಿತು. ಬರ್ಫದ ಪಕ್ಕ ಇಟ್ಟ ಗಾಜು ಬೆವರುವುದನ್ನು ನಮ್ಮ ಕಡೆ ಯಾರು ನೋಡಿಲ್ಲ? ಸೀರೆಯ ಸೆರಗಿನಿಂದ ಹೊರಗಡೆ ಒರೆಸಿದೆ. ಮಂಜು ಹೋಗಲಿಲ್ಲ. ಮತ್ತೆ ಒರೆಸಿದೆ. ಅಷ್ಟರಲ್ಲಿ ನೀರು ಬಿಸಿಯಾಯಿತು, ನಳಿಗೆ ತಿಳಿಯಾಯಿತು, ನಾನು ಮರೆತುಬಿಟ್ಟೆ. ಚಳಿಯ ದೇಶದವರಾಗಿದ್ದರೆ ಮಂಜು ಗಾಜಿನ ಹೊರಗಿದೆಯೋ ಒಳಗಿದೆಯೋ ಎಂದು ನೋಡುತ್ತಿದ್ದರು. ಸೆರಗಿನಿಂದ ಒರೆಸುವ ತಪ್ಪು ಸೆಕೆಯ ಊರಿನವರಿಗೇ ಮೀಸಲು.

ಐದನೆಯ ವಾರ ಗ್ರಾಫ್ ಹಾಳೆ ಮುಂದಿಟ್ಟುಕೊಂಡು ಕೂತೆ. ನಾಲ್ಕು ಚುಕ್ಕಿಗಳು ದಾರ ಹಿಡಿದಂತೆ ಒಂದೇ ಸಾಲಿನಲ್ಲಿದ್ದವು. ಸ್ಕೇಲು ಇಟ್ಟು ಗೆರೆಯನ್ನು ಇಪ್ಪತ್ತೈದರ ತನಕ ಮುಂದಕ್ಕೆ ಎಳೆದೆ. ಅಲ್ಲಿ ಸಿಕ್ಕ ಅಂಕಿಯನ್ನು ಕೋಷ್ಟಕದ ಮೇಲಿನ ಸಾಲಿನಲ್ಲಿ ಬರೆದೆ. ಅಳೆಯದ ಭಾಗವನ್ನು ತುಂಡು ತುಂಡು ಗೆರೆಯಲ್ಲಿ ತೋರಿಸಬೇಕು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಬಿಎಸ್ಸಿ ಹುಡುಗರು ಅದನ್ನು ಮರೆತರೆ ನಾನು ಅರ್ಧ ಮಾರ್ಕು ಕಡಿಯುತ್ತಿದ್ದೆ. ಅವತ್ತು ಮಸಿಯಲ್ಲಿ ಇಡೀ ಗೆರೆ ಎಳೆದೆ, ಐದನೆಯ ಚುಕ್ಕಿಯನ್ನೂ ದುಂಡಗೆ ಇಟ್ಟೆ. ಗೈಡ್‌ಗೆ ಹೇಳಲಿಲ್ಲ. ಅವರು ನಂಬಿದರು. ನನ್ನನ್ನು ನಂಬದಿರಲು ಅವರಿಗೆ ಯಾವ ಕಾರಣವೂ ಇರಲಿಲ್ಲ.

ಪ್ರಬಂಧ ಅಚ್ಚಾದ ಮೇಲೆ ಕಾರ್ಡುಗಳು ಬರಲು ಶುರುವಾದವು. ಈಗಿನವರಿಗೆ ಇದನ್ನು ಹೇಳಬೇಕು: ಆಗ ಯಾರದಾದರೂ ಪ್ರಬಂಧ ಬೇಕಾದರೆ ಬರೆದವರಿಗೇ ಒಂದು ಕಾರ್ಡು ಹಾಕಿ ಪ್ರತಿ ಕೇಳುವ ಪದ್ಧತಿ ಇತ್ತು. ಅಚ್ಚು ಹಾಕಿದ ವಿನಂತಿ, ಖಾಲಿ ಜಾಗದಲ್ಲಿ ನನ್ನ ಹೆಸರು, ಕೆಳಗೆ ಒಂದು ಸಹಿ, ಹಿಂದೆ ಆ ದೇಶದ ಟಿಕೀಟು. ಬಾಗಲಕೋಟೆಯ ಅಂಚೆಯವರು ಅವನ್ನು ಸ್ಟಾಫ್ ರೂಮಿನ ನಡುವೆ ನಿಂತು ಎತ್ತಿ ಹಿಡಿದು ಕೊಡುತ್ತಿದ್ದರು. ನಾನು ಪ್ರತಿ ಕಳಿಸಿದ ಮೇಲೆ ಕಾರ್ಡನ್ನು ಹುನಗುಂದದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಇಳಕಲ್ಲಿಗೆ ಒಯ್ಯುತ್ತಿದ್ದೆ. ಅಪ್ಪ ಮಗ್ಗದ ಹಿಂದಿನ ಗೋಡೆಗೆ ಅಂಬಲಿ ಹಚ್ಚಿ ಅಂಟಿಸುತ್ತಿದ್ದ. ಲಾಳಿ ಆ ಕಡೆ ಹೋದಾಗೊಮ್ಮೆ ಅವನಿಗೆ ಅವು ಕಾಣಬೇಕು.

“ಇದ್ಯಾವ ದೇಶ?”

“ಪೋಲಂಡ್, ಯಪ್ಪಾ.”

“ಅಲ್ಲೀ ಮಂದಿನೂ ಬಣ್ಣ ಕಳೀತಾರೇನು?”

ಯುನಿವರ್ಸಿಟಿಯ ಲೈಬ್ರರಿಯಲ್ಲಿ ದಪ್ಪ ಸಂಪುಟಗಳಿದ್ದವು. ಯಾರ ಪ್ರಬಂಧವನ್ನು ಯಾರು ಹೆಸರಿಸಿದ್ದಾರೆ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಕಗಳು. ಗೈಡ್ ಒಂದು ದಿನ ನನ್ನನ್ನು ಕರೆದೊಯ್ದು ಭೂತಗನ್ನಡಿ ಕೈಗೆ ಕೊಟ್ಟರು.

“ನೋಡವಾ. ನಿನ್ನ ಹೆಸರ ಅದ.”

ಇತ್ತು. ಅಷ್ಟು ದೊಡ್ಡ ಪುಸ್ತಕದಲ್ಲಿ ಅಪ್ಪನ ಅಡ್ಡಹೆಸರು. ಅದರ ಕೆಳಗೆ ನನ್ನನ್ನು ಹೆಸರಿಸಿದ ಇಬ್ಬರು. ಅವತ್ತು ನನ್ನ ಕಣ್ಣು ತುಂಬಿದ್ದು ಖರೆ. ಮುಂದಿನ ವರ್ಷ ಇನ್ನೂ ನಾಲ್ಕು ಮಂದಿ. ಆಗ ಒಂದು ಕೆಟ್ಟ ಕುತೂಹಲ ಹುಟ್ಟಿತು. ನನ್ನ ಪ್ರಬಂಧದಿಂದ ಅವರು ಏನನ್ನು ತೆಗೆದುಕೊಂಡಿದ್ದಾರೆ? ಒಂದೊಂದನ್ನೇ ಹುಡುಕಿ ಓದಿದೆ. ಆರು ಮಂದಿಯಲ್ಲಿ ಐವರು ಇಪ್ಪತ್ತೈದು ಡಿಗ್ರಿಯ ಅಂಕಿಯನ್ನು ತೆಗೆದುಕೊಂಡಿದ್ದರು, ಆರನೆಯವರು ಬರೀ ಹೆಸರಿಸಿದ್ದರು. ನಾನು ಬೆವರು ಸುರಿಸಿ ಅಳೆದ ನಾಲ್ಕನ್ನು ಯಾರೂ ಮುಟ್ಟಿರಲಿಲ್ಲ.

ಅಲ್ಲಿಂದ ನನಗೆ ನೆಮ್ಮದಿ ತಪ್ಪಿತು. ಕಾರ್ಡು ಬಂದರೆ ಖುಷಿಯಾಗುತ್ತಿತ್ತು, ಹಿಂದೆಯೇ ಇವರೂ ಆ ಅಂಕಿಯನ್ನೇ ಎತ್ತಿಕೊಳ್ಳುತ್ತಾರೋ ಎಂಬ ಅಳುಕು. ಗೆರೆ ಸರಿಯಾಗಿಯೇ ಇದ್ದೀತು, ನಾಲ್ಕು ಚುಕ್ಕಿ ಸಾಲಾಗಿದ್ದರೆ ಐದನೆಯದು ಎಲ್ಲಿಗೆ ಹೋದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಾಠ ಮಾಡುವಾಗ ಸುಮ್ಮನೆ ಹಲಗೆಯ ಮೇಲಿನ ಗೆರೆ ಒರೆಸಿ ಮತ್ತೆ ಎಳೆಯುತ್ತಿದ್ದೆ.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಮಳೆಗಾಲದ ಕೊನೆಗೆ ಕಾರ್ಡಿನ ಬದಲು ಲಕೋಟೆ ಬಂತು. ಚಳಿಯ ದೇಶದ ಒಬ್ಬ ಸಂಶೋಧಕಿ ಬರೆದಿದ್ದರು, ಭಾಳ ಮರ್ಯಾದೆಯಿಂದ. ನಿಮ್ಮ ಇಪ್ಪತ್ತೈದು ಡಿಗ್ರಿಯ ಪ್ರಯೋಗವನ್ನು ನಾವು ಇಲ್ಲಿ ಮಾಡಲು ನೋಡುತ್ತಿದ್ದೇವೆ. ನಮ್ಮ ದ್ರಾವಣ ಮಂಜಾಗುತ್ತದೆ. ನಳಿಗೆ ಕೊಳಕಿರಬಹುದೆಂದು ನನ್ನ ವಿದ್ಯಾರ್ಥಿನಿ ಎರಡು ತಿಂಗಳಿಂದ ತೊಳೆಯುತ್ತಿದ್ದಾಳೆ. ನೀವು ಅದನ್ನು ತಿಳಿಯಾಗಿ ಹೇಗೆ ಇಟ್ಟಿರಿ, ದಯವಿಟ್ಟು ತಿಳಿಸಿ.

ಪತ್ರವನ್ನು ಮಡಚಿ ಪರ್ಸಿನಲ್ಲಿ ಇಟ್ಟೆ. ತೆಗೆದು ಓದಿದೆ. ಮತ್ತೆ ಇಟ್ಟೆ. ಉತ್ತರ ಬರೆಯಲಿಲ್ಲ. ಒಂದು ತಿಂಗಳು ಹೋಯಿತು, ಎರಡು ಹೋದವು. ಚಾಚಾ ನಳಿಗೆ ತೊಳೆಯುತ್ತಿದ್ದರೆ ನನಗೆ ಆ ಕಾಣದ ಹುಡುಗಿಯ ಕೈ ಕಾಣುತ್ತಿತ್ತು. “ಸಾಕು ಬಿಡ್ರಿ, ಎಷ್ಟ ತೊಳೀತೀರಿ,” ಎಂದು ಒಂದು ದಿನ ರೇಗಿಬಿಟ್ಟೆ. ಚಾಚಾ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖ ನೋಡಿ, ಸ್ಟ್ಯಾಂಡಿಗೆ ಸಿಕ್ಕಿಸಿದರು.

ಅದೇ ಹೊತ್ತಿಗೆ ಯುನಿವರ್ಸಿಟಿಯಲ್ಲಿ ರೀಡರ್ ಹುದ್ದೆಗೆ ನನಗೆ ಸಂದರ್ಶನದ ಕರೆ ಬಂತು. ಪ್ರಕಟಿತ ಪ್ರಬಂಧಗಳ ಪಟ್ಟಿ ಕೊಡಬೇಕು, ಅವನ್ನು ಯಾರು ಯಾರು ಹೆಸರಿಸಿದ್ದಾರೆ ಎಂಬುದನ್ನೂ ಕೊಡಬೇಕು. ನನ್ನ ಪಟ್ಟಿಯ ಬಲವೆಲ್ಲ ಆ ಒಂದು ಪ್ರಬಂಧದ ಮೇಲೆ ನಿಂತಿತ್ತು.

ಜನವರಿಯಲ್ಲಿ ಬಾಗಲಕೋಟೆಗೂ ಚಳಿ ಬರುತ್ತದೆ. ಬೆಳಗಿನ ಎರಡು ತಾಸು ಮಾತ್ರ, ಆದರೆ ಬರುತ್ತದೆ. ಚಾಚಾನಿಗೆ ಹೇಳಿ ನಸುಕಿನಲ್ಲಿ ಲ್ಯಾಬು ತೆಗೆಸಿದೆ. ಅವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ತೊಟ್ಟಿಯ ನೀರು ಹತ್ತೊಂಬತ್ತು ಇತ್ತು. ಹೀಟರ್ ಹಾಕಿ ಇಪ್ಪತ್ತೈದಕ್ಕೆ ತಂದೆ. ಪಾದರಸ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಇಪ್ಪತ್ತೈದರಲ್ಲಿ ಅಲ್ಲಾಡದೆ ನಿಂತಿತು. ಆದರೆ ರಾತ್ರಿ ಕಪಾಟಿನಲ್ಲಿಟ್ಟಿದ್ದ ಸಾಬೂನಿನ ದ್ರಾವಣದ ಬಾಟಲಿ ತೆಗೆದು ನೋಡಿದರೆ ತಳದಲ್ಲೆಲ್ಲ ಬಿಳಿ ಸೂಜಿಗಳು. ತೊಟ್ಟಿಯಲ್ಲಿಟ್ಟು ಕಾದೆ. ಪೂರ್ತಿ ಕರಗಲಿಲ್ಲ.

“ತುಪ್ಪ ಹೆಪ್ಪಗಟ್ಟಿದಂಗ ಆಗೇತಲ್ರಿ ಬಾಯಾರ,” ಎಂದರು ಚಾಚಾ. “ಚಳಿಗೆ ಕೊಬ್ಬರಿ ಎಣ್ಣಿನೂ ಹಂಗ ಆಕ್ಕೈತಿ. ಇದರಾಗೇನ ವಿಶೇಷ?”

ವಿಶೇಷ ಇದ್ದದ್ದೇ ಅದು. ಆ ಪುಡಿ ಇಪ್ಪತ್ತೈದರ ಸುತ್ತ ಕರಗಲು ಒಲ್ಲೆ ಎನ್ನುತ್ತದೆ. ಕರಗದ ಮೇಲೆ ಬಣ್ಣ ಬೇಗ ಹೋಗುವುದೂ ಇಲ್ಲ. ನನ್ನ ನೆಟ್ಟನೆಯ ಗೆರೆ ಅಲ್ಲಿ ಮುರಿಯುತ್ತಿತ್ತು. ಸತತ ಒಂಬತ್ತು ಬೆಳಗು ಅಳೆದೆ. ನಿಜವಾದ ವೇಗ ನಾನು ಅಚ್ಚು ಹಾಕಿಸಿದ್ದರ ಅರ್ಧಕ್ಕೂ ಬರಲಿಲ್ಲ. ಆ ಏಪ್ರಿಲ್‌ನಲ್ಲಿ ಸೆರಗಿನಿಂದ ಒರೆಸಿದ ಮಂಜು ಗಾಜಿನ ಒಳಗಿತ್ತು.

ಸಂಕ್ರಮಣದ ಸೂಟಿಗೆ ಇಳಕಲ್ಲಿಗೆ ಹೋದೆ. ಅಪ್ಪ ಕೊಂಡಿ ಹಾಕುತ್ತ ಕೂತಿದ್ದ. ನಮ್ಮೂರ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುವುದು. ನಾನು ಎದುರಿಗೆ ಕೂತು ಎಳೆ ಎತ್ತಿ ಕೊಡತೊಡಗಿದೆ.

“ಯಪ್ಪಾ, ಒಂದ ತಪ್ಪ ಆಗೇತಿ.”

“ಎಷ್ಟ ದೊಡ್ಡದು?”

“ಒಂದ ಅಂಕಿ.”

“ಒಂದ ಅಂಕಿಗೆ ಇಷ್ಟ ಸೊರಗೀಯೇನು? ಹೇಳು.”

ಚಳಿಯ ದೇಶದ ಸಂಶೋಧಕಿಯ ಪತ್ರವನ್ನೂ ಸೇರಿಸಿ ಅವನಿಗೆ ತಿಳಿಯುವ ಹಾಗೆ ಹೇಳಿದೆ. ಗೆರೆಯನ್ನು ಹಾಸಿನ ಮೇಲೆಯೇ ಬೆರಳಿನಿಂದ ಎಳೆದು ತೋರಿಸಿದೆ. ಅವನು ಕೈ ನಿಲ್ಲಿಸದೆ ಕೇಳಿದ.

“ಅಂದ್ರ, ಸೆರಗ ನೇಯಲಾರದ ನೇದೇನಿ ಅಂದಿ.”

“ಹೂಂ.”

“ಯಾಕ?”

“ಆರು ವಾರ ಕೊಟ್ಟಿದ್ರು.”

ಅಪ್ಪ ಇನ್ನೂ ನಾಲ್ಕಾರು ಎಳೆ ಜೋಡಿಸಿದ. “ನಾವೂ ಬ್ಯಾರೆ ಹಾಸ ತಂದು ಜೋಡಸ್ತೇವಿ. ಆದ್ರ ಕೊಂಡಿ ಎಲ್ಲಿ ಐತಿ ಅಂತ ಸೀರಿ ಉಟ್ಟಾಕಿಗೆ ಗೊತ್ತಿರತೈತಿ. ಬೆರಳ ಆಡಿಸಿದ್ರ ಸಿಗತೈತಿ. ಅದನ್ನ ಯಾರೂ ಮುಚ್ಚೂದಿಲ್ಲ,” ಎಂದ. ಸ್ವಲ್ಪ ಹೊತ್ತಿಗೆ, “ಆ ಬಾಯಿಗೆ ಉತ್ತರಾ ಬರದೀಯೇನು? ಆ ಹುಡುಗಿ ಇನ್ನೂ ತೊಳ್ಯಾಕ ಹತ್ತಿರಬೇಕಲ್ಲ,” ಎಂದ.

ಎದ್ದು ಗೋಡೆಯ ಕಾರ್ಡುಗಳ ಮುಂದೆ ನಿಂತೆ. “ಇವನ್ನ ತಗದ ಬಿಡ್ಲೇನು?”

“ಅವ್ರು ಕೇಳಿದ್ದು ಖರೆ ಐತಿ. ಇರ್ಲಿ ಬಿಡು. ಬಂದು ಎಳಿ ಕೊಡು.”

ಪತ್ರಿಕೆಗೆ ಒಂದು ಪುಟದ ತಿದ್ದುಪಡಿ ಬರೆದೆ. ಇಪ್ಪತ್ತೈದು ಡಿಗ್ರಿಯ ಅಂಕಿಯನ್ನು ನಾನು ಅಳೆದಿರಲಿಲ್ಲ, ಗೆರೆ ಮುಂದಕ್ಕೆ ಎಳೆದು ತೆಗೆದುಕೊಂಡಿದ್ದೆ, ಅಳೆದಾಗ ಸಿಕ್ಕದ್ದು ಇಷ್ಟು, ಕಾರಣ ಇದು. ಗೈಡ್ ಅವರ ಸಹಿಯೂ ಬೇಕಿತ್ತು. ಅವರ ಮನೆಗೆ ಹೋದೆ. ಚಹಾ ಬಂತು. ಅವರು ಪುಟವನ್ನು ಎರಡು ಸಲ ಓದಿದರು. ಚಹಾದ ಮೇಲೆ ಕೆನೆ ಕಟ್ಟಿತು.

“ನನಗ ಒಂದ ಮಾತ ಕೇಳಿದ್ದಿಯೇನು?”

“ಇಲ್ಲ, ಸರ್.”

“ಕೇಳಿದ್ರ ತುಂಡ ಗೆರಿ ಹಾಕು ಅಂತಿದ್ದೆ. ಅದ ಮುಗದ ಹೋಗ್ತಿತ್ತು. ಅಷ್ಟ ಬೇಕಾಗಿತ್ತು ನೋಡು, ತುಂಡ ಗೆರಿ.” ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಇದರಾಗ ನನ್ನ ಹೆಸರೂ ಅದ.”

ಅವರು ಪೆನ್ನು ಹುಡುಕಿದರು, ಸಹಿ ಮಾಡಿದರು. ಮಾಡಿದ ಮೇಲೆ ಹೇಳಿದರು:

“ಸಂದರ್ಶನ ಮೂರು ವಾರಕ್ಕದ. ಅದು ಮುಗದ ಮ್ಯಾಲೆ ಕಳಸು. ಮೂರು ವಾರ ತಡದ್ರ ವಿಜ್ಞಾನ ಏನೂ ಸಾಯೂದಿಲ್ಲ.”

ಅದರಲ್ಲಿ ಕಪಟ ಇರಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು. ಲಕೋಟೆಗೆ ಟಿಕೀಟು ಮೊದಲೇ ಹಚ್ಚಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಸ್ಟೇಶನ್ನಿಗೆ ಹೊರಟೆ. ದಾರಿಯಲ್ಲಿ ಒಂದು ಅಂಚೆ ಡಬ್ಬಿ ಬಂತು, ದಾಟಿದೆ. ಸ್ಟೇಶನ್ನಿನಲ್ಲಿ ಒಂದು ಇತ್ತು, ಅದರ ಮುಂದೆ ಎರಡು ಸಲ ಅಡ್ಡಾಡಿದೆ, ಹಾಕಲಿಲ್ಲ.

ಬೋಗಿ ತುಂಬಿತ್ತು, ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟವರು. ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿದರೂ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬರುವುದು. ರೊಟ್ಟಿ ಗಂಟು ಮಡಿಲಲ್ಲಿ ಇಟ್ಟುಕೊಂಡಿದ್ದ ಒಬ್ಬ ಮುದುಕಿ ನೋಡಿ ನೋಡಿ ಸಾಕಾಗಿ ಅಂದಳು:

“ಯವ್ವಾ, ಕುಂದರಬೇ. ಬೋಗಿ ಅಳ್ಯಾಕ ಹತ್ತೀಯೇನು?”

ಇಪ್ಪತ್ತೈದನ್ನು ಅಳೆಯದೆ ಬಿಟ್ಟವಳಿಗೆ ಬೋಗಿ ಅಳೆಯುವುದೇ ಆಗಬೇಕಿತ್ತು. ಮೂರು ವಾರ ಎಂದರೆ ಎಷ್ಟು ನಳಿಗೆ, ಎಷ್ಟು ತೊಳೆಯುವುದು ಎಂದು ಲೆಕ್ಕ ಹಾಕುತ್ತಿದ್ದೆ. ಆರು ವಾರದ ಅವಸರಕ್ಕೆ ಒಂದು ಸುಳ್ಳು ಹೇಳಿದ್ದೆ. ಈಗ ಮೂರು ವಾರದ ತಾಳ್ಮೆಗೆ ಇನ್ನೊಂದು.

ಬಾದಾಮಿಯಲ್ಲಿ ಎದುರಿನ ಗಾಡಿ ಬರುವ ತನಕ ನಮ್ಮ ಗಾಡಿ ನಿಲ್ಲುತ್ತಿತ್ತು. ಜಾತ್ರೆಯವರು ಇಳಿದರು, ಅವರ ನಡುವೆ ನಾನೂ ಇಳಿದೆ. ಮುದುಕಿ ಪಕ್ಕದಲ್ಲೇ ಇದ್ದಳು.

“ನಿಂದೂ ಇದ ಊರೇನ?”

“ಅಲ್ಲಬೇ, ಬಾಗಲಕೋಟಿ. ಕಾಗದಾ ಹಾಕಾಕ ಇಳದೆ.”

“ಬಾಗಲಕೋಟ್ಯಾಗ ಡಬ್ಬಿ ಇಲ್ಲೇನು?”

ಇತ್ತು. ಬಾಗಲಕೋಟೆ ಮುಟ್ಟುವ ತನಕ ನನ್ನನ್ನು ನಾನೇ ನಂಬುವ ಹಾಗಿರಲಿಲ್ಲ. ಲಕೋಟೆ ಡಬ್ಬಿಯ ತಳಕ್ಕೆ ಬಿದ್ದ ಸಪ್ಪಳ ಕೇಳಿ ಓಡಿ ಬಂದು ಹತ್ತಿದೆ. ಮರುದಿನ ಬಾಗಲಕೋಟೆಯಲ್ಲಿ ಆ ಚಳಿಯ ದೇಶದ ಸಂಶೋಧಕಿಗೆ ಪತ್ರ ಬರೆದೆ. ನಿಮ್ಮ ನಳಿಗೆಗಳು ಶುದ್ಧವಾಗಿವೆ ಎಂಬುದೇ ಮೊದಲ ಸಾಲು.

ಸಂದರ್ಶನದಲ್ಲಿ ಐವರು ಕೂತಿದ್ದರು. ನಿಮ್ಮ ಯಾವ ಪ್ರಬಂಧವನ್ನು ಹೆಚ್ಚು ಜನ ಹೆಸರಿಸಿದ್ದಾರೆ ಎಂದು ಒಬ್ಬರು ಕೇಳಿದರು. ಹೇಳಿದೆ. ಅದರಲ್ಲಿ ಒಂದು ಅಂಕಿ ತಪ್ಪಿದೆ, ತಿದ್ದುಪಡಿ ಕಳಿಸಿದ್ದೇನೆ ಎಂದೂ ಹೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಮತ್ತೆರಡು ಪ್ರಶ್ನೆ ಕೇಳಿ ಕಳಿಸಿದರು. ಆ ಹುದ್ದೆ ನನಗೆ ಸಿಗಲಿಲ್ಲ. ತಿದ್ದುಪಡಿಯೇ ಕಾರಣವೆಂದು ಹೇಳಲಾರೆ. ಆಯ್ಕೆಯಾದವರು ನನಗಿಂತ ಹೆಚ್ಚು ಬರೆದವರು. ಗೈಡ್ ಒಂದು ವರ್ಷ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದರು, ಆಮೇಲೆ ಮೊದಲಿನಂತಾದರು. ನಾನು ಬಾಗಲಕೋಟೆಯಲ್ಲೇ ಉಳಿದೆ. ಜನವರಿಯ ಬೆಳಗುಗಳಲ್ಲಿ ಚಾಚಾ ಮತ್ತು ನಾನು ಆ ಬಿಳಿ ಸೂಜಿಗಳ ಮೇಲೆ ಇನ್ನೂ ಮೂರು ಪ್ರಬಂಧಗಳಿಗೆ ಆಗುವಷ್ಟು ಅಳೆದೆವು. ಅವುಗಳಲ್ಲಿ ತುಂಡು ಗೆರೆ ಎಲ್ಲಿ ಬೇಕೋ ಅಲ್ಲಿ ತುಂಡಾಗಿಯೇ ಇದೆ.

ತಿದ್ದುಪಡಿ ಅರ್ಧ ಕಾಲಮಿನಷ್ಟು ಅಚ್ಚಾಯಿತು, ಸಂಚಿಕೆಯ ಕೊನೆಯ ಪುಟದಲ್ಲಿ. ದಪ್ಪ ಸಂಪುಟದಲ್ಲಿ ಅದನ್ನು ಹೆಸರಿಸಿದವರು ಒಬ್ಬರೇ, ಆ ಚಳಿಯ ದೇಶದವರು. ಹಳೆಯ ಪ್ರಬಂಧದ ಕೆಳಗೆ ಮಾತ್ರ ಪ್ರತಿವರ್ಷ ಹೊಸ ಹೆಸರುಗಳು ಸೇರುತ್ತವೆ. ಅವರೆಲ್ಲ ಅದೇ ತಪ್ಪು ಅಂಕಿ ಎತ್ತಿಕೊಳ್ಳುತ್ತಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಳ್ಳುವುದರಿಂದ ಕೆಲವರು ನನ್ನ ಪ್ರಬಂಧವನ್ನು ತೆರೆದೂ ನೋಡಿಲ್ಲ. ನನ್ನ ಕೀರ್ತಿ ಎನ್ನುವುದು ಬೆಳೆಯುತ್ತಲೇ ಇದೆ, ಅದನ್ನು ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ.

ಆದ್ದರಿಂದ ವರ್ಷಕ್ಕೊಮ್ಮೆ, ಹೊಸ ಸಂಪುಟ ಬಂದಾಗ, ರೈಲು ಹತ್ತಿ ಹೋಗುತ್ತೇನೆ. ಭೂತಗನ್ನಡಿ ಹಿಡಿದು ಹೆಸರು, ವಿಳಾಸ ಬರೆದುಕೊಳ್ಳುತ್ತೇನೆ. ಒಂದು ಕಾಲಕ್ಕೆ ಅವರು ನನಗೆ ಕಾರ್ಡು ಹಾಕುತ್ತಿದ್ದರು, ಈಗ ನಾನು ಅವರಿಗೆ. ಕೆಲಸದಿಂದ ನಿವೃತ್ತರಾದ ಚಾಚಾ ಕೆಲವು ಸಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಟಿಕೀಟು ಹಚ್ಚಿಕೊಡುತ್ತಾರೆ.

“ಈ ವರ್ಷ ಎಷ್ಟ್ರಿ ಬಾಯಾರ?”

“ಏಳು.”

“ಕಡಿಮಿ ಆಗವಲ್ದಲ್ರಿ.”

ಆಗವಲ್ದು. ಏಳಕ್ಕೂ ಒಂದೇ ಸಾಲಿನಿಂದ ಶುರುಮಾಡುತ್ತೇನೆ: ಮಾನ್ಯರೇ, ನೀವು ಬಳಸಿರುವ ಇಪ್ಪತ್ತೈದು ಡಿಗ್ರಿಯ ಅಂಕಿ ನಾನು ಅಳೆದದ್ದಲ್ಲ.